ಊರಿಗೆ ಹೋದರೆ ಗಿಡಕ್ಕೆ ನೀರು ಯಾರು?

ಈ ಅಂಕಣವನ್ನು ಓದುವ ಮಹನೀಯರು ಬರೆಯುವ ಕಾಗದಗಳಲ್ಲಿಯೂ, ಹಲಸೂರು ಮಾರುಕಟ್ಟೆಯಲ್ಲಿ ಕೈಚೀಲ ಹಿಡಿದು ನಿಂತಾಗ ಪರಿಚಿತರು ಆಡುವ ಮಾತುಗಳಲ್ಲಿಯೂ ಕೆಲವು ಕಾಲದಿಂದ ಒಂದೇ ಪ್ರಶ್ನೆ ಮರಳಿ ಮರಳಿ ತಲೆಯೆತ್ತುತ್ತಿದೆ. ಜೋಗುಪಾಳ್ಯದ ಇಕ್ಕಟ್ಟಾದ ಬೀದಿಯೊಂದರಲ್ಲಿ, ಮೂವತ್ತು–ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಯ ತಾರಸಿಯ ಮೇಲೆ ಸೊಪ್ಪು ತರಕಾರಿಗಳನ್ನು ಬೆಳೆದುಕೊಂಡು, ವರ್ಷದಲ್ಲಿ ಕೆಲವು ವಾರಗಳ ಕಾಲ ಹಾಸಿಗೆಯನ್ನೂ ಒಲೆಯನ್ನೂ ಹೊತ್ತ ಬಾಡಿಗೆಯ ಕ್ಯಾರವಾನಿನಲ್ಲಿ ಊರೂರು ಸಂಚರಿಸಿ, ಎಲ್ಲಿದ್ದರೂ ತಮ್ಮ ಕೈಯಡುಗೆಯನ್ನೇ ಉಣ್ಣತಕ್ಕ ವಯಸ್ಸಾದ ದಂಪತಿಗಳು ಎಂದು ನಮ್ಮನ್ನು ಬಲ್ಲವರು, ವ್ಯಾನಿನ ಬಾಡಿಗೆಯೆಷ್ಟೆಂದೋ ಮಂಗಗಳ ಕಾಟವನ್ನು ಹೇಗೆ ನಿಭಾಯಿಸುತ್ತೀರೆಂದೋ ಕೇಳುವರೆಂದು ನಾನು ಎಣಿಸಿದ್ದುಂಟು. ಅವರು ಕೇಳುವುದು ಅದನ್ನಲ್ಲ. “ಅದೆಲ್ಲ ಸರಿ ಸಾರ್, ನೀವಿಬ್ಬರೂ ಊರಿಗೆ ಹೋಗಿಬಿಟ್ಟರೆ ಗಿಡಕ್ಕೆ ನೀರು ಯಾರು ಹಾಕುತ್ತಾರೆ?” ಎಂಬುದೇ ಅವರ ಪ್ರಶ್ನೆ.

ಕೇಳುವವರು ಲೋಕಾಭಿರಾಮವಾಗಿ ಕೇಳಿದರೂ ಪ್ರಶ್ನೆಯು ವಿಷಯದ ಮರ್ಮಸ್ಥಾನವನ್ನೇ ಮುಟ್ಟುತ್ತದೆ. ತೋಟಗಾರಿಕೆ, ಪ್ರವಾಸ, ಪಾಕ ಎಂಬ ಮೂರನ್ನೂ ನಿವೃತ್ತ ಜೀವನದ ಸೊಗಸುಗಳೆಂದು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆಯಾದರೂ, ಅವುಗಳಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ ಸಹಜವಾದ ವೈರವಿದೆ. ತೋಟವು ಮನುಷ್ಯನನ್ನು ಒಂದು ಸ್ಥಳಕ್ಕೆ ಕಟ್ಟಿಹಾಕುತ್ತದೆ. ಸಂಚಾರವು ಕಟ್ಟನ್ನು ಬಿಚ್ಚಿಕೊಂಡು ಹೋಗು ಎನ್ನುತ್ತದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಾರಸಿಯ ಮೇಲಣ ಕುಂಡದೊಳಗಿನ ಟೊಮೇಟೊ ಗಿಡವು ಒಂದು ಹಗಲು ನೀರಿಲ್ಲದೆ ಕಳೆದರೆ ಸಂಜೆಯೊಳಗೆ ಬಾಡಿ ತಲೆ ಬಾಗಿಸುತ್ತದೆ, ಎರಡನೆಯ ದಿನಕ್ಕೆ ಅದರ ಹೂವುದುರುತ್ತದೆ, ಮೂರನೆಯ ದಿನದ ಮಾತನ್ನು ಹೇಳಬೇಕಾಗಿಲ್ಲ. ಹೀಗಿರಲು, ಗಿಡ ಸಾಯದಂತೆ ಹೊರಡುವುದು ಹೇಗೆ ಎಂಬುದನ್ನು ಬಗೆಹರಿಸಿಕೊಳ್ಳದೆ ಈ ಜೀವನಕ್ರಮಕ್ಕೆ ಕೈಹಾಕುವವರು ಒಂದೋ ತೋಟವನ್ನು ಕೈಬಿಡುತ್ತಾರೆ, ಇಲ್ಲವೇ ಪ್ರವಾಸವನ್ನು.

ಈ ಜೋಡಿ ಅಭಿರುಚಿಗೆ ಇಂದು ಲೋಕಪ್ರಸಿದ್ಧವಾದ ತವರೆಂದರೆ ಇಂಗ್ಲೆಂಡು. ಅಲ್ಲಿ ವಿನೋದಕ್ಕಾಗಿ ಕ್ಯಾರವಾನ್ ಕಟ್ಟಿಸಿಕೊಂಡವರಲ್ಲಿ ಆದ್ಯನೆಂದು ಹೆಸರಾದವನು ನೌಕಾಪಡೆಯ ನಿವೃತ್ತ ವೈದ್ಯನೂ ಬಾಲಸಾಹಿತ್ಯದ ಲೇಖಕನೂ ಆಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬಾತ. 1885ರಲ್ಲಿ ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ರಥಪ್ರಾಯವಾದ ಗಾಡಿಯನ್ನು ಮಾಡಿಸಿ, ಎರಡು ಕುದುರೆಗಳನ್ನು ಹೂಡಿ, ಸ್ಕಾಟ್ಲೆಂಡಿನ ಉತ್ತರಭಾಗದವರೆಗೆ ಸಾಗಿದ ಈ ಮಹಾನುಭಾವನ ಪರಿವಾರದಲ್ಲಿ ಒಬ್ಬ ಸಾರಥಿ, ಒಬ್ಬ ಆಳು, ಒಂದು ನಾಯಿ, ಒಂದು ಗಿಳಿ ಇಷ್ಟೂ ಇದ್ದವು. ಎದುರು ಬರುವ ಗಾಡಿಗಳಿಗೆ ಎಚ್ಚರಿಕೆ ಕೊಡುವುದಕ್ಕಾಗಿ ಆಳು ಮೂರು ಚಕ್ರದ ಸೈಕಲ್ಲನ್ನೇರಿ ಮುಂದೆ ಹೋಗುತ್ತಿದ್ದನಂತೆ. ಸರಳ ಜೀವನದ ಹೆಸರಿನಲ್ಲಿ ಹೊರಡುವವರ ಸಾಮಾನು ಎಷ್ಟಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. 1907ರಲ್ಲಿ ಅಲ್ಲಿ ಕ್ಯಾರವಾನ್ ಕ್ಲಬ್ಬು ಸ್ಥಾಪಿತವಾಯಿತು. ಅದರ ಮರುವರ್ಷವೇ, 1908ರಲ್ಲಿ, ಬೇಡಿಕೆಯುಳ್ಳೆಡೆ ನಿವಾಸಿಗಳಿಗೆ ತರಕಾರಿ ಬೆಳೆದುಕೊಳ್ಳಲು ತುಂಡುಭೂಮಿಯನ್ನು ಸ್ಥಳೀಯ ಆಡಳಿತಗಳೇ ಗೇಣಿಗೆ ಕೊಡಬೇಕೆಂಬ ಅಲಾಟ್‌ಮೆಂಟ್ ಕಾಯಿದೆಯೂ ಬಂದಿತು. ಅಂತಹ ತುಂಡಿನ ಸಾಂಪ್ರದಾಯಿಕ ಪ್ರಮಾಣ ಸುಮಾರು 250 ಚದರ ಮೀಟರು, ಎಂದರೆ ನಮ್ಮ ಲೆಕ್ಕದಲ್ಲಿ 2,700 ಚದರ ಅಡಿ. ಇಂದಿರಾನಗರದಲ್ಲಿ ನಲವತ್ತು–ಅರವತ್ತರ ನಿವೇಶನವುಳ್ಳವನು ಕೋಟ್ಯಧೀಶನೆನಿಸಿಕೊಳ್ಳುತ್ತಾನೆ. ಆ ನಿವೇಶನದ ವಿಸ್ತೀರ್ಣವಾದರೋ 2,400 ಚದರ ಅಡಿ ಮಾತ್ರ. ಆಂಗ್ಲ ದೇಶದ ಕಾರ್ಮಿಕನೊಬ್ಬನು ಅಲ್ಪ ಗೇಣಿಯ ಮೇಲೆ ಆಲೂಗಡ್ಡೆ ನೆಡುತ್ತಿದ್ದ ನೆಲವು ನಮ್ಮ ಶ್ರೀಮಂತರ ಸ್ವಂತ ನಿವೇಶನಕ್ಕಿಂತ ದೊಡ್ಡದು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಣ್ಣದೊಂದು ನಿಟ್ಟುಸಿರು ಬರುವುದುಂಟು.

ಆದರೆ ಅಷ್ಟೊಂದು ಅನುಕೂಲವಿದ್ದರೂ ನಮ್ಮ ಓದುಗರ ಪ್ರಶ್ನೆ ಅವರನ್ನು ಬಿಟ್ಟಿಲ್ಲ. ಅಲ್ಲಿ ಬೇಸಗೆಯೊಂದೇ ಬೆಳೆಯ ಕಾಲ. ಶಾಲೆಗಳ ರಜೆಯೂ ಒಣಗಿದ ರಸ್ತೆಗಳೂ ದೀರ್ಘವಾದ ಹಗಲುಗಳೂ ಅದೇ ಜುಲೈ–ಆಗಸ್ಟಿನಲ್ಲಿ ಕೂಡಿಬರುತ್ತವೆ. ತೋಟವು ಅತ್ಯಂತ ಸಮೃದ್ಧವಾಗಿರುವ ಹೊತ್ತಿಗೇ ಗಾಡಿಯೂ ಹೊರಡಬೇಕು. ಎಳೆಯದಾಗಿ ಕೀಳಬೇಕಾದ ಜುಕಿನಿಯನ್ನು ಎರಡು ವಾರ ಬಿಟ್ಟು ಬಂದವರಿಗೆ ತೋಳಿನಷ್ಟು ದಪ್ಪನಾದ, ರುಚಿಯಿಲ್ಲದ ಕಾಯಿಗಳು ಬಳ್ಳಿಯಲ್ಲಿ ಕಾದಿರುತ್ತವೆ. ಅವರ ಪಂಚಾಂಗದಲ್ಲಿಯೇ ಈ ವಿರೋಧವು ಅಡಕವಾಗಿರುವುದರಿಂದ ಅದಕ್ಕೆ ಪೂರ್ಣ ಪರಿಹಾರವಿಲ್ಲ.

ನಮ್ಮ ಪಂಚಾಂಗದಲ್ಲಿ ಪರಿಹಾರವಿದೆ, ಮತ್ತು ಅದು ಬಹು ಹಿಂದೆಯೇ ಸಿದ್ಧವಾಗಿತ್ತು ಎಂಬುದೇ ನಾನು ಈ ವಾರ ಹೇಳಬೇಕೆಂದಿರುವ ಮಾತು. ಮಲಗುವುದಕ್ಕೆ ಹುಲ್ಲು ಹಾಸಿ, ಬಿದಿರ ಕಮಾನು ಕಟ್ಟಿ, ಅಕ್ಕಿ ಬೇಳೆ ಪಾತ್ರೆ ಪಡಗಗಳನ್ನು ತುಂಬಿ, ಎತ್ತುಗಳನ್ನು ಹೂಡಿ ಗಂಡಹೆಂಡಿರು ಮಕ್ಕಳುಮರಿಯೊಡನೆ ದಿನಗಟ್ಟಲೆ ಸಾಗುವ ಸವಾರಿ ಗಾಡಿಯು ಕ್ಯಾರವಾನ್ ಅಲ್ಲದೆ ಮತ್ತೇನು? ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಮ್ಮ ತಾತನವರು ಹೋಗುತ್ತಿದ್ದುದು ಹೀಗೆಯೇ. ಕೆರೆಯ ಏರಿಯ ಕೆಳಗೆ ಬಂಡಿ ಬಿಟ್ಟು, ಮೂರು ಕಲ್ಲಿಟ್ಟು ಒಲೆ ಹೂಡಿ, ಹಿಟ್ಟು ತೊಳಸಿ, ಹುರುಳಿ ಸಾರು ಕಾಯಿಸಿ, ಊಟವಾದ ಮೇಲೆ ಬಂಡಿಯ ಕೆಳಗೆ ಕಂಬಳಿ ಹಾಸಿ ಮಲಗುವುದು. ಬಾದಾಮಿಯ ಬನಶಂಕರಿಯ ಜಾತ್ರೆಗೆ, ರಾಯಬಾಗ ಸೀಮೆಯ ಚಿಂಚಲಿ ಮಾಯಕ್ಕನ ಜಾತ್ರೆಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಉತ್ತರ ಕರ್ನಾಟಕದ ರೈತರು ಇಂದಿಗೂ ಚಕ್ಕಡಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಕುಟುಂಬವಾಗಿ ಹೋಗಿ, ಗುಡ್ಡದ ಮೇಲೆಯೇ ಒಲೆ ಹೂಡಿ, ಕಡುಬು ಹೋಳಿಗೆ ಬದನೆಕಾಯಿ ಪಲ್ಲೆಗಳನ್ನು ಮಾಡಿ, ಪಡ್ಡಲಗಿ ತುಂಬಿಸಿ, ದೇವಿಗೆ ಎಡೆಯಾದ ಮೇಲೆ ತಾವೂ ಉಂಡು ಬರುತ್ತಾರೆ. ಸ್ಟೇಬಲ್ಸ್ ಮಹಾಶಯನಿಗಿದ್ದ ಗಿಳಿಯೊಂದು ಕಡಿಮೆ, ಅಷ್ಟೆ.

ಈ ಜಾತ್ರೆಗಳ ಕಾಲವನ್ನು ಗಮನಿಸಬೇಕು. ಘಾಟಿಯದು ಪುಷ್ಯಮಾಸ; ಬನಶಂಕರಿಯದೂ ಅದೇ ಮಾಸದ ಹುಣ್ಣಿಮೆ; ಎಲ್ಲಮ್ಮನದು ಮಾಘದ ಭಾರತ ಹುಣ್ಣಿಮೆ; ಮಲೆ ಮಹದೇಶ್ವರನದು ಶಿವರಾತ್ರಿ. ಮಳೆಗಾಲದ ಬೆಳೆ ಕಣಕ್ಕೆ ಬಂದು, ಒಕ್ಕಣೆಯಾಗಿ, ಕಾಳು ಹಗೇವು ಸೇರಿ, ಹೊಲದಲ್ಲಿ ನೀರು ಬೇಡುವ ಹಸಿರು ವಿಶೇಷವಾಗಿ ಉಳಿದಿರದ, ಎತ್ತುಗಳಿಗೆ ಕೆಲಸವಿಲ್ಲದ, ದಾರಿಯ ಕೆಸರು ಒಣಗಿದ, ಕೆರೆಗಳಲ್ಲಿ ಮಾತ್ರ ನೀರು ಇನ್ನೂ ತುಂಬಿರುವ ಆ ಎರಡು ಮೂರು ತಿಂಗಳುಗಳಲ್ಲಿಯೇ ದೇವರುಗಳೆಲ್ಲರೂ ತೇರು ಏರುವುದು ಆಕಸ್ಮಿಕವೆಂದು ನಾನು ನಂಬಲಾರೆ. ಬೆಳೆಯನ್ನು ಬಿಟ್ಟು ಯಾತ್ರೆಗೆ ಹೋಗುವುದಲ್ಲ, ಬೆಳೆ ಮುಗಿದ ಮೇಲೆ ಯಾತ್ರೆಗೆ ಹೋಗುವುದು. ಈ ಕ್ರಮವನ್ನು ಹತ್ತಾರು ಕುಂಡಗಳ ತಾರಸಿಗೂ ಅನ್ವಯಿಸಬಹುದೆಂಬುದು ಹೊಳೆದ ಮೇಲೆ ನಮ್ಮ ಮನೆಯ ಅರ್ಧ ತೊಂದರೆ ತಾನಾಗಿ ಕರಗಿಹೋಯಿತು.

ಬೆಂಗಳೂರಿನ ಮಣ್ಣು ತರಕಾರಿಗೆ ಒಲಿದದ್ದು ಇಂದು ನಿನ್ನೆಯದಲ್ಲ. ಲಾಲ್‌ಬಾಗಿನ ಅಧೀಕ್ಷಕನಾಗಿದ್ದ ಜಾನ್ ಕ್ಯಾಮರಾನ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತರಿಸಿ ಹಬ್ಬಿಸಿದನೆನ್ನುವ ಸೀಮೆಬದನೆಯು ಈಗ ನಮ್ಮ ಕೂಟು ಪಲ್ಯಗಳಲ್ಲಿ ಹುಟ್ಟಾ ಹಕ್ಕುದಾರನಂತೆ ಕುಳಿತಿದೆ. ದಂಡಿನ ಕಡೆಯ ಬಂಗಲೆಗಳಿಗೆ ವಿಶಾಲವಾದ ಹಿತ್ತಿಲುಗಳಿದ್ದವು; ಅಲ್ಲಿ ಕೋಸು ಹೂಕೋಸುಗಳನ್ನು ಬೆಳೆದುಕೊಂಡು ಉಣ್ಣುವವರಿದ್ದರು. ಜೋಗುಪಾಳ್ಯದಂತಹ ಕೇರಿಗಳಲ್ಲಿ ಗೋಡೆಗೆ ಗೋಡೆ ತಾಗಿ ನಿಂತ ಮನೆಗಳಿಗೆ ಹಿತ್ತಿಲೆಲ್ಲಿಯದು? ನಮಗೆ ಉಳಿದ ಬಯಲೆಂದರೆ ತಾರಸಿ. ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರು ಇದನ್ನು ಬಹಳ ಮುಂಚೆಯೇ ಕಂಡುಕೊಂಡು, ತಾರಸಿಯ ಮೇಲೆ ಸಾವಯವ ತೋಟ ಮಾಡುವ ಕ್ರಮವನ್ನು ನಗರದ ಗೃಹಸ್ಥರಿಗೆ ವರ್ಷಗಟ್ಟಲೆ ಕಲಿಸಿದರು. ಅವರೂ ಅವರ ಸಂಗಡಿಗರೂ ಕೂಡಿ 2011ರಲ್ಲಿ ಆರಂಭಿಸಿದ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳದಲ್ಲಿ ಬೀಜ ಗೊಬ್ಬರಗಳ ಜೊತೆಗೆ ಬೇಕಾದಷ್ಟು ಬುದ್ಧಿಮಾತೂ ದೊರೆಯುತ್ತಿತ್ತು.

ತಾರಸಿಯ ವಿಚಾರದಲ್ಲಿ ಉತ್ಸಾಹಕ್ಕೆ ಮುಂಚೆ ಗಣಿತ ಬೇಕು. ಜನರು ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ಮಾನಕಗಳು ಲೆಕ್ಕ ಹಿಡಿಯುವ ಹೊರೆ ಒಂದು ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ. ಒಂದು ಅಡಿ ದಪ್ಪಕ್ಕೆ ತುಂಬಿದ ಕೆಮ್ಮಣ್ಣು ಮಳೆಯಲ್ಲಿ ನೆನೆದರೆ ಅದೇ ಒಂದು ಚದರ ಮೀಟರಿನಲ್ಲಿ 500 ಕಿಲೋಗ್ರಾಂ ಮೀರಿ ತೂಗುತ್ತದೆ. ಇಟ್ಟಿಗೆಯ ಕಟ್ಟೆ ಕಟ್ಟಿ ಮಣ್ಣು ಸುರಿದು ಹೊಲವನ್ನೇ ಮೇಲಕ್ಕೆತ್ತುವ ಆಸೆಯುಳ್ಳವರು ಇದನ್ನು ಎರಡು ಸಲ ಓದಿಕೊಳ್ಳಲಿ. ಆದಕಾರಣವೇ ತಿಳಿದವರು ಮಣ್ಣನ್ನು ಕಡಿಮೆ ಮಾಡಿ, ತೆಂಗಿನ ನಾರಿನ ಪುಡಿಯನ್ನೂ ಎಲೆಗೊಬ್ಬರವನ್ನೂ ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ, ಆ ಹಗುರವಾದ ಮಿಶ್ರಣವನ್ನು ಬಿಡಿ ಬಿಡಿ ಕುಂಡಗಳಿಗೆ ತುಂಬಿ, ಆ ಕುಂಡಗಳನ್ನು ತಾರಸಿಯ ನಡುವೆ ಗುಂಪುಗೂಡಿಸದೆ ಗೋಡೆ ತೊಲೆಗಳು ಹಾದುಹೋಗುವ ಅಂಚುಗಳಲ್ಲಿ ಸಾಲಾಗಿ ಇಡುತ್ತಾರೆ. ನಾರಿನ ಪುಡಿಗೆ ಮತ್ತೊಂದು ಗುಣವುಂಟು: ತನ್ನ ತೂಕದ ಹಲವು ಪಾಲು ನೀರನ್ನು ಹೀರಿಟ್ಟುಕೊಂಡು ಬೇರಿಗೆ ಮೆಲ್ಲಗೆ ಬಿಡುತ್ತದೆ. ಪ್ರವಾಸಪ್ರಿಯರಿಗೆ ಈ ಗುಣವೇ ಮುಖ್ಯ.

ಇನ್ನು ಏನನ್ನು, ಯಾವಾಗ ಬಿತ್ತಬೇಕೆಂಬುದು. ಸೊಗಡಿನ ಹಳೆಯ ಅವರೆಯ ಸ್ವಭಾವವನ್ನು ನೋಡಿ: ಹಗಲು ಕುಗ್ಗಿ ಇರುಳು ಹಿಗ್ಗಿದ ಹೊರತು ಅದು ಹೂ ಬಿಡದು. ಆಷಾಢ ಶ್ರಾವಣಗಳಲ್ಲಿ ಬಿತ್ತಿದ ಬಳ್ಳಿಯು ಮಳೆಗಾಲವನ್ನೆಲ್ಲ ಎಲೆ ಬೆಳೆಸುವುದರಲ್ಲಿ ಕಳೆದು, ಕಾರ್ತಿಕದ ಚಳಿಯೊಂದಿಗೆ ಹೂವೇರಿ, ಸಂಕ್ರಾಂತಿಯ ಆಜುಬಾಜಿನಲ್ಲಿ ಕಾಯಿ ಕೊಟ್ಟು, ಮಾಘದ ಬಿಸಿಲು ಕಾಯುವ ಹೊತ್ತಿಗೆ ತನ್ನ ಲೆಕ್ಕವನ್ನು ತಾನೇ ಚುಕ್ತಾ ಮಾಡಿಕೊಳ್ಳುತ್ತದೆ. ನಮ್ಮ ಕೃಷಿ ವಿಶ್ವವಿದ್ಯಾಲಯವು ಹೆಬ್ಬಾಳದಲ್ಲಿ ರೂಪಿಸಿದ ಎಚ್.ಎ.-3, ಎಚ್.ಎ.-4 ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಸುಮಾರು ನೂರು ದಿನಗಳಲ್ಲಿ ಕಾಯಿ ಕೊಡುತ್ತವೆ. ರೈತನಿಗೆ ಅದು ವರವೇ ಸರಿ. ಆದರೆ ನನ್ನಂಥವನಿಗೆ ಋತುವನ್ನು ತಿಳಿದು ಮುಗಿಯುವ ಹಳೆಯ ಅವರೆಯೇ ಮೇಲು. ಅರಿಶಿನ, ಸುವರ್ಣಗೆಡ್ಡೆಗಳದೂ ಇದೇ ನೀತಿ: ಮುಂಗಾರಿಗೆ ಮುಂಚೆ ನೆಟ್ಟರೆ ಪುಷ್ಯ ಮಾಘಗಳಲ್ಲಿ ಎಲೆಯೊಣಗಿಸಿಕೊಂಡು ನೆಲದೊಳಗೆ ನಿದ್ರೆಹೋಗುತ್ತವೆ, ನಿದ್ರಿಸುವ ಗೆಡ್ಡೆಗೆ ನೀರು ಹಾಕುವುದು ಉಪಕಾರವಲ್ಲ, ಕೊಳೆಯಿಸುವ ಅಪಕಾರ. ಹೀಗೆ ಶಿವರಾತ್ರಿಯ ಹೊತ್ತಿಗೆ ನಮ್ಮ ತಾರಸಿಯಲ್ಲಿ ಎದ್ದಿರುವುದು ಕರಿಬೇವು, ನುಗ್ಗೆ, ದೊಡ್ಡಪತ್ರೆ, ಚಕ್ರಮುನಿ ಮೊದಲಾದ ಗಟ್ಟಿ ಜೀವಗಳು ಮಾತ್ರ. ಮೆಂತ್ಯ, ದಂಟು, ಕೊತ್ತಂಬರಿ, ಮೂಲಂಗಿಗಳು ತಿಂಗಳಲ್ಲಿ, ಒಂದೂವರೆ ತಿಂಗಳಲ್ಲಿ ಬಂದು ಹೋಗುವ ಅಲ್ಪಾಯುಗಳಾದುದರಿಂದ, ಹೊರಡುವ ಮುನ್ನ ಕೊನೆಯ ಕಂತನ್ನು ಕಿತ್ತು ಬಸ್ಸಾರು ಮಾಡಿ, ಹಿಂದಿರುಗಿದ ದಿನವೇ ಮುಂದಿನ ಕಂತನ್ನು ಬಿತ್ತಿದರಾಯಿತು.

ಇಷ್ಟೆಲ್ಲ ಹೊಂದಿಸಿದ ಮೇಲೂ ಉಳಿಯುವ ಆ ಗಟ್ಟಿ ಜೀವಗಳಿಗೂ ನೀರು ಬೇಕೇ ಬೇಕು. ಬೆಂಗಳೂರಿನಲ್ಲಿ ನೀರಿನ ಮಾತನ್ನು ಹಗುರವಾಗಿ ಆಡುವ ಹಾಗಿಲ್ಲ. ನಮ್ಮ ನಲ್ಲಿಗೆ ಬರುವ ಕಾವೇರಿಯು ಸುಮಾರು 100 ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಯಂತ್ರಗಳ ಬಲದಿಂದ ಏರಿ ಬಂದವಳು. 2024ರ ಮಾರ್ಚ್ ತಿಂಗಳಲ್ಲಿ ಅಭಾವ ತೀವ್ರವಾದಾಗ, ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ಆಜ್ಞೆ ಹೊರಡಿಸಿತಷ್ಟೆ. ನಮ್ಮ ಎರಡು ವ್ಯಸನಗಳಿಗೂ ಒಂದೇ ಆಜ್ಞೆಯಲ್ಲಿ ಕಡಿವಾಣ ಬಿದ್ದಿತು. ಆದರೆ ತಾರಸಿಯುಳ್ಳವನು ನೀರಿಗಾಗಿ ಕಾವೇರಿಯನ್ನೇ ಕಾಯಬೇಕಾದುದಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು. ಈ ನಗರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರು ಬೀಳುವುದರಿಂದ, ಎಪ್ಪತ್ತು ಚದರ ಮೀಟರಿನ ತಾರಸಿಯೊಂದು ವರ್ಷದಲ್ಲಿ ಕಾಣುವ ನೀರು 68,000 ಲೀಟರಿಗೆ ಹತ್ತಿರ. ಅದರಲ್ಲಿ ಅಲ್ಪಾಂಶವನ್ನು ಡ್ರಮ್ಮುಗಳಲ್ಲಿ ಹಿಡಿದಿಟ್ಟು, ಜೊತೆಗೆ ಅಕ್ಕಚ್ಚನ್ನೂ ತರಕಾರಿ ತೊಳೆದ ನೀರನ್ನೂ ಚರಂಡಿಗೆ ಚೆಲ್ಲದಿದ್ದರೆ ಕುಂಡಗಳ ಮಟ್ಟಿಗೆ ಬಹುಕಾಲ ಚಿಂತೆಯಿಲ್ಲ.

ಮನೆಯಲ್ಲಿ ಯಾರೂ ಇಲ್ಲದಿರುವಾಗ ಆ ನೀರು ತಾನಾಗಿಯೇ ಬೇರನ್ನು ಮುಟ್ಟಬೇಕಾದರೆ, ಮೀಟರು ಗಡಿಯಾರಗಳುಳ್ಳ ಸ್ವಯಂಚಾಲಿತ ಸಲಕರಣೆಗಳನ್ನು ಮಾರುವವರಿದ್ದಾರೆ. ವಿದ್ಯುತ್ತು ಹೋದರೆ ನಿಲ್ಲುವ, ನಳಿಗೆ ಕಳಚಿದರೆ ಕೆಳಗಿನ ಮನೆಯ ಚಾವಣಿಯನ್ನು ನೆನೆಸುವ ಅಂತಹ ಸಾಧನಗಳಲ್ಲಿ ನನಗೆ ವಿಶ್ವಾಸ ಕಡಿಮೆ. ಪಾಟರಿ ಟೌನಿನ ಕುಂಬಾರರ ಬಳಿ ಸಿಗುವ, ಮೆರುಗಿಲ್ಲದ ಚಿಕ್ಕ ಮಡಕೆಯೊಂದನ್ನು ದೊಡ್ಡ ಕುಂಡದ ನಡುವೆ ಕಂಠದವರೆಗೆ ಹೂತು, ನೀರು ತುಂಬಿ, ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಮುಚ್ಚಳವಿಟ್ಟರೆ ಮುಗಿಯಿತು. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಕ್ಕೆ ಜಿನುಗುತ್ತದೆ. ಸುತ್ತಣ ಮಣ್ಣು ತೇವವಾಗಿದ್ದರೆ ಜಿನುಗು ಮಂದವಾಗುತ್ತದೆ, ಒಣಗಿದರೆ ಚುರುಕಾಗುತ್ತದೆ. ಎಷ್ಟು ಬೇಕೆಂಬುದನ್ನು ಗಿಡವೇ ನಿರ್ಣಯಿಸಿದ ಹಾಗೆ. ಎರಡು ಸಾವಿರ ವರ್ಷಗಳ ಹಿಂದಿನ ಚೀನಾ ದೇಶದ ಕೃಷಿಗ್ರಂಥದಲ್ಲಿಯೇ ಈ ಕ್ರಮದ ವರ್ಣನೆಯುಂಟು. ಚಿಕ್ಕ ಕುಂಡಗಳಿಗೆ ಇನ್ನೂ ಸುಲಭ: ಬಕೆಟ್ಟಿನಲ್ಲಿ ನೀರು ತುಂಬಿ, ಹಳೆಯ ಬಟ್ಟೆಯ ಹಗ್ಗದ ಒಂದು ತುದಿಯನ್ನು ಅದರ ತಳಕ್ಕೂ ಇನ್ನೊಂದು ತುದಿಯನ್ನು ಕುಂಡದ ಮಣ್ಣಿನೊಳಕ್ಕೂ ಇಳಿಬಿಟ್ಟರೆ, ದೀಪದ ಬತ್ತಿಯು ಎಣ್ಣೆಯನ್ನು ಮೇಲೆಳೆದುಕೊಳ್ಳುವಂತೆ ಹಗ್ಗವು ನೀರನ್ನು ಎಳೆದು ಮಣ್ಣಿಗೆ ಕೊಡುತ್ತದೆ. ಕುಂಡಗಳನ್ನೆಲ್ಲ ನೀರಿನ ತೊಟ್ಟಿಯ ನೆರಳಿಗೆ ಸರಿಸಿ, ಮಣ್ಣಿನ ಮೇಲೆ ಒಣ ಎಲೆಗಳನ್ನು ದಪ್ಪವಾಗಿ ಹೊದಿಸಿದರೆ ಆವಿಯಾಗುವುದೂ ತಗ್ಗುತ್ತದೆ. ಇಷ್ಟರಿಂದ ಒಂದು ವಾರ ಸಾಗೀತು. ಅದಕ್ಕೆ ಮೀರಿದ ಅವಧಿಗೆ ಬೇಕಾದದ್ದು ನೆರೆಹೊರೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ವಾಹನದ ವಿಷಯದಲ್ಲಿ ಹೆಚ್ಚು ಹೇಳಲಾರೆ. ತಮ್ಮ ಹಳೆಯ ವ್ಯಾನಿನೊಳಗೆ ಬಡಗಿಯಿಂದ ಮಂಚ ಹೊಡೆಸಿ ಕ್ಯಾರವಾನ್ ಮಾಡಿಕೊಳ್ಳಬಹುದೇ ಎಂದು ಕೇಳುವ ಉತ್ಸಾಹಿಗಳು ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವನ್ನು ಮೊದಲು ಓದಬೇಕು. ತಯಾರಕನು ನಿಗದಿಪಡಿಸಿದ ಸ್ವರೂಪವನ್ನು ಒಡೆಯನು ಮನಬಂದಂತೆ ಮಾರ್ಪಡಿಸಕೂಡದೆಂಬ ಆ ನಿಯಮವನ್ನು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದಿದೆ. ಆದ್ದರಿಂದ ಅನುಮೋದಿತ ನಮೂನೆಯಲ್ಲಿ ತಯಾರಾದ ವಾಹನವನ್ನು ಬಾಡಿಗೆಗೆ ಹಿಡಿಯುವುದೇ ನಮ್ಮಂಥವರಿಗೆ ಕ್ಷೇಮ. ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ 2009ರಿಂದಲೂ ಸಂಚಾರ ನಿಷೇಧವಿರುವುದರಿಂದ, ಕಾಡಿನಲ್ಲಿ ಗಾಡಿ ನಿಲ್ಲಿಸಿ ಚುಕ್ಕೆ ನೋಡುತ್ತ ಮಲಗುವ ಕನಸನ್ನು ಬಿಡಬೇಕು. ಇರುಳಿನ ತಂಗುದಾಣವೇ ನಿಜವಾದ ಕಷ್ಟ. ನೆರೆಯ ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಸಾರಿದ ಮೇಲೆ ವಾಗಮಣ್ ಬೆಟ್ಟದಲ್ಲಿ ಗಾಡಿಗಳು ತಂಗಲು ಉದ್ಯಾನವೊಂದು ಏರ್ಪಟ್ಟಿದೆ. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ನಮಗೆ ಅಷ್ಟು ವೈಭವವೂ ಬೇಡ. ಹಿಂದಿನವರು ದಾರಿಗುಂಟ ಛತ್ರ, ಅರವಟಿಗೆ, ಸಾಲುಮರ, ಕಲ್ಯಾಣಿಗಳನ್ನು ಕಟ್ಟಿಸಿದ್ದರು. ತಾಲ್ಲೂಕಿಗೊಂದು ಕಡೆ ಒಂದು ಮರದ ನೆರಳು, ಒಂದು ನಲ್ಲಿ, ಒಂದು ಶುಚಿಯಾದ ಶೌಚಾಲಯ, ರಾತ್ರಿ ಉರಿಯುವ ಒಂದು ದೀಪ ಇಷ್ಟನ್ನು ಯಾರಾದರೂ ಒದಗಿಸಿದರೆ ಈ ನಾಡಿನ ಅರ್ಧ ಜನ ತಮ್ಮ ತಮ್ಮ ಗಾಡಿಗಳಲ್ಲಿಯೇ ದೇಶ ನೋಡಿಯಾರು. ಸದ್ಯಕ್ಕೆ ದೇವಾಲಯಗಳ ಯಾತ್ರಿನಿವಾಸದ ಅಂಗಳಗಳೇ ನಮಗೆ ಗತಿ. ಅನುಮತಿ ಕೇಳಿದರೆ ಇಲ್ಲವೆನ್ನುವವರು ವಿರಳ.

ಅಡುಗೆಯ ಪ್ರಕರಣವು ನನ್ನಾಕೆಯ ಅಧಿಕಾರಕ್ಷೇತ್ರವಾದ ಕಾರಣ ಅವಳು ಹೇಳಿದಂತೆ ಬರೆಯುತ್ತೇನೆ. “ಒಲೆ ಗಾಡಿಯ ಒಳಗೆ ಹಚ್ಚಬಾರದು ಅಂತ ಮೊದಲು ಬರೀರಿ, ಆಮೇಲೆ ನಿಮ್ಮ ವರ್ಣನೆ” ಎಂದಳು. ಮುಚ್ಚಿದ ವಾಹನದೊಳಗೆ ಗ್ಯಾಸು ಉರಿಸಿದರೆ ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಾನಿಲವು ಕೂಡಿಕೊಳ್ಳಬಹುದಾದುದರಿಂದ ಅದು ಪ್ರಾಣಾಪಾಯದ ಮಾತು. ನಾವು ಹಿಂಬಾಗಿಲ ಹೊರಗೆ, ಗಾಳಿಗೆ ತಗಡಿನ ಮರೆಯಿಟ್ಟು, ಚಿಕ್ಕ ಒಲೆಯ ಮೇಲೆ ಬೇಯಿಸುತ್ತೇವೆ. ಪ್ರಯಾಣದ ಪಾಕಶಾಸ್ತ್ರದ ಮೂಲಸೂತ್ರ ಒಂದೇ: ನೀರಿನಂಶ ಹೋದ ಆಹಾರ ಬೇಗ ಕೆಡುವುದಿಲ್ಲ. ಬಯಲುಸೀಮೆಯ ಖಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ, ನಮ್ಮ ಕಡೆಯ ರಾಗಿ ಹುರಿಹಿಟ್ಟೂ ಚಟ್ನಿಪುಡಿಯೂ ಬಾಳಕವೂ ಈ ಸೂತ್ರದ ಮೇಲೆಯೇ ನಿಂತಿವೆ. ಹುರಿಹಿಟ್ಟಂತೂ ಅರಳಿಸಿ ಬೀಸಿದ ರಾಗಿಯಾದುದರಿಂದ ಒಲೆಯನ್ನೇ ಬೇಡದು. ಮೊಸರು, ಬೆಲ್ಲ, ಬಿಸಿನೀರು ಯಾವುದು ಸಿಕ್ಕರೂ ಕಲಸಿ ತಿನ್ನಬಹುದು. ಪುಳಿಯೋಗರೆ ಗೊಜ್ಜಿನಲ್ಲಿ ಹುಣಿಸೆಯ ಹುಳಿ, ಉಪ್ಪು, ಎಣ್ಣೆ ಮೂರೂ ಕಾವಲು ನಿಂತಿರುವುದರಿಂದ ವಾರಗಟ್ಟಲೆ ಕೆಡದು. ಮೊಸರನ್ನಕ್ಕೆ ಮಾತ್ರ ಬೇರೆ ಯುಕ್ತಿ: ಬೆಳಗ್ಗೆ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲನ್ನು ಹೆಚ್ಚಾಗಿಯೂ ಮೊಸರನ್ನು ಹೆಪ್ಪಿನಷ್ಟೇ ಆಗಿಯೂ ಬೆರೆಸಿದರೆ, ಹಳೇ ಮದರಾಸು ರಸ್ತೆ ಹಿಡಿದು ಕೃಷ್ಣರಾಜಪುರ, ಹೊಸಕೋಟೆ, ಕೋಲಾರಗಳನ್ನು ದಾಟಿ ಮಧ್ಯಾಹ್ನ ಆವನಿಯ ಬೆಟ್ಟದ ಬುಡದಲ್ಲಿ ಡಬ್ಬಿ ತೆರೆಯುವಷ್ಟರಲ್ಲಿ ಅದು ಹುಳಿಯಿಲ್ಲದ ಹದವಾದ ಮೊಸರನ್ನವಾಗಿರುತ್ತದೆ. ಹೊರಡುವ ಮುನ್ನ ಕಿತ್ತ ಅವರೆಯನ್ನು ಒಣಗಿಸಿ ಒಯ್ಯುತ್ತೇವೆ; ಸಂತೆಯಲ್ಲಿ ಕೊಂಡ ಅಪರಿಚಿತ ಬೆರಕೆ ಸೊಪ್ಪಿಗೆ ಮನೆಯ ಅವರೆ ಬೆರೆತಾಗ ಪರಸ್ಥಳವೂ ಸ್ವಲ್ಪ ನಮ್ಮದಾಗುತ್ತದೆ.

ಅಡುಗೆಯು ತೋಟಕ್ಕೂ ಗಾಡಿಗೂ ರಾಜಿ ಮಾಡಿಸುವುದು ಹೀಗೆ. ಹೋಗುವಾಗ ತಾರಸಿಯ ಫಲವನ್ನು ಒಯ್ಯುವಂತೆಯೇ ಬರುವಾಗ ಪರವೂರಿನ ಬೀಜವನ್ನು ತರುತ್ತೇವೆ. ಉಡುಪಿಯ ಬಳಿಯ ಮಟ್ಟು ಗ್ರಾಮದ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಗುಳ್ಳ ಬದನೆಯ ಬೀಜವನ್ನು ತಂದು ನೆಟ್ಟೆವು. ಗಿಡ ಸೊಂಪಾಗಿ ಬೆಳೆಯಿತು, ದುಂಡನೆಯ ತಿಳಿಹಸಿರು ಕಾಯಿಯೂ ಬಿಟ್ಟಿತು, ಹುಳಿಯನ್ನೂ ಮಾಡಿದೆವು. ರುಚಿ ಮಾತ್ರ ಮಟ್ಟುವಿನದಾಗಲಿಲ್ಲ. ಕಡಲಂಚಿನ ಮರಳುಮಣ್ಣನ್ನೂ ಗಾಳಿಯ ಉಪ್ಪನ್ನೂ ಜೋಗುಪಾಳ್ಯದ ತಾರಸಿಗೆ ತರಲಾಗುವುದೇ? ತಿನ್ನಬೇಕಾದರೆ ಅಲ್ಲಿಗೇ ಹೋಗಬೇಕೆಂಬ ನೆಪ ಸಿಕ್ಕಿತೆಂದು ನಾನು ಸಂತೋಷಪಟ್ಟೆ.

ನೆರೆಯವರ ಮಾತು ಬಾಕಿಯಿದೆ. ನಾವು ದೀರ್ಘವಾಗಿ ಹೊರಡುವಾಗ ತಾರಸಿಯ ಕೀಲಿಕೈ ಹೋಗುವುದು ಪಕ್ಕದ ಮನೆಯ ತಮಿಳು ತಾಯಿಯ ಕೈಗೆ. ಹಣದ ಮಾತೆತ್ತಿದರೆ ಆಕೆಗೆ ಅವಮಾನ. ನಾವಿಲ್ಲದ ದಿನಗಳಲ್ಲಿ ಬಿಟ್ಟ ನುಗ್ಗೆಕಾಯಿ, ಕರಿಬೇವು, ಸೊಪ್ಪು ಎಲ್ಲವೂ ಆಕೆಯದೆಂದು ಅಲಿಖಿತ ಒಪ್ಪಂದ. ನೀರು ಹಾಕಲು ಬಂದವರಿಗೆ ಕೀಳುವ ಹಕ್ಕನ್ನೂ ಕೊಟ್ಟರೆ ಅವರು ದಿನವೂ ತಪ್ಪದೆ ಬರುತ್ತಾರೆ, ಕೀಳುವುದರಿಂದ ಗಿಡವೂ ಇನ್ನಷ್ಟು ಚಿಗುರುತ್ತದೆ. ಆಂಗ್ಲರ ಜುಕಿನಿಗೂ ಇದೇ ಮದ್ದೆಂದು ತೋರುತ್ತದೆ. ಇದಕ್ಕೆ ಪ್ರತಿಯಾಗಿ ಆಡಿ ತಿಂಗಳಲ್ಲಿ ಆಕೆ ಧರ್ಮಪುರಿಯ ಕಡೆಯ ತವರೂರಿನ ಅಮ್ಮನ ಹಬ್ಬಕ್ಕೆ ಹೋದಾಗ ಆಕೆಯ ತುಳಸಿ, ಕನಕಾಂಬರ, ಮಲ್ಲಿಗೆಗಳ ಹೊಣೆ ನಮ್ಮದು. “ಅಣ್ಣಾ, ತುಳಸಿಗೆ ಸ್ನಾನ ಮಾಡಿ ನೀರು ಹಾಕಬೇಕು, ಮರೆಯಬೇಡಿ, ಅಕ್ಕನಿಗೂ ಹೇಳಿದ್ದೇನೆ” ಎಂದು ಆಕೆ ನನಗೆ ಬೀದಿಯಲ್ಲಿ ನಿಂತು ಎರಡು ಮೂರು ಸಲ ಹೇಳಿ ಹೋಗುತ್ತಾಳೆ. ಆದಕಾರಣ ಆಷಾಢದಲ್ಲಿ ನಾವು ಎಲ್ಲಿಗೂ ಹೊರಡುವುದಿಲ್ಲ. ಅವರೆ ಬಿತ್ತುವ ಕಾಲವೂ ಹೇಗಿದ್ದರೂ ಅದೇ. ಕೊಡಗಿನ ಮಳೆಯನ್ನು ಗಾಡಿಯೊಳಗೆ ಕುಳಿತು ನೋಡಬೇಕೆಂಬ ನನ್ನ ಬಯಕೆಯನ್ನು ಮುಂದಿಟ್ಟಾಗ ನನ್ನಾಕೆ, “ಮೊದಲು ಅವರನ್ನ ಕೇಳಿಕೊಂಡು ಬನ್ನಿ” ಎಂದಳು. ಕೇಳುವ ಧೈರ್ಯ ಇನ್ನೂ ಬಂದಿಲ್ಲ.